ಬಾಯ್ಕಾಟ್ ಎಂಬ ಮಾತಿನ ಹುಟ್ಟು



ದಿನಪತ್ರಿಕೆ ಓದುವವರ ಕಣ್ಣಿಗೆ ಆಗಾಗ ಬೀಳುವ ಒಂದು ಇಂಗ್ಲಿಷ್ ಪದವಿದೆ: ಬಾಯ್ಕಾಟ್. ವಿರೋಧ ಪಕ್ಷದವರು ಸಭೆಯನ್ನು ಬಾಯ್ಕಾಟ್ ಮಾಡುತ್ತಾರೆ, ವಿದ್ಯಾರ್ಥಿಗಳು ತರಗತಿಯನ್ನು ಬಾಯ್ಕಾಟ್ ಮಾಡುತ್ತಾರೆ, ಯಾವುದೋ ಸಿನಿಮಾವನ್ನು ಬಾಯ್ಕಾಟ್ ಮಾಡಿ ಎಂಬ ಕೂಗು ಏಳುತ್ತದೆ. ರಸ್ತೆಯಿಲ್ಲದ, ಸೇತುವೆಯಿಲ್ಲದ ಊರಿನವರು ಚುನಾವಣೆ ಹತ್ತಿರ ಬಂದಾಗ ಊರ ಬಾಗಿಲಿಗೆ ಬ್ಯಾನರ್ ಕಟ್ಟಿ ಮತದಾನ ಬಹಿಷ್ಕಾರ ಎಂದು ಬರೆಯುತ್ತಾರೆ. ಇಷ್ಟೆಲ್ಲ ಓಡಾಡುವ ಈ ಪದ ನೂರ ನಲವತ್ತು ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಮನುಷ್ಯನ ಹೆಸರು. ಅದು ಹುಟ್ಟಿದ ಊರು ಗೊತ್ತು, ಹುಟ್ಟಿದ ತಿಂಗಳು ಗೊತ್ತು, ಅದನ್ನು ಮೊದಲು ಆಡಿದವರು ಯಾರು, ಮೊದಲು ಅಚ್ಚು ಹಾಕಿಸಿದವರು ಯಾರು ಎಂಬುದೂ ಗೊತ್ತು. ಹುಟ್ಟಿದ ಗಳಿಗೆಯವರೆಗೂ ಹಿಂದಕ್ಕೆ ಹೋಗಿ ನೋಡಬಹುದಾದ ಪದಗಳು ಯಾವ ಭಾಷೆಯಲ್ಲೂ ಹೆಚ್ಚಿಲ್ಲ.

ಮನುಷ್ಯರ ಹೆಸರು ಕ್ರಿಯಾಪದವಾಗುವುದು ಹೊಸದೇನಲ್ಲ. ಹಾಲು ಕೆಡದಂತೆ ಕಾಯಿಸುವ ಕ್ರಮಕ್ಕೆ ಫ್ರಾನ್ಸಿನ ಲೂಯಿ ಪಾಶ್ಚರ್ ಅವರ ಹೆಸರು ಅಂಟಿಕೊಂಡಿದೆ. ಅದು ಪಾಶ್ಚರ್ ಕಂಡುಹಿಡಿದ ಕೆಲಸ, ಹಾಗಾಗಿ ಅವರ ಹೆಸರು. ಬಾಯ್ಕಾಟ್ ವಿಷಯದಲ್ಲಿ ಲೆಕ್ಕ ತಿರುಗುಮುರುಗು. ಬಾಯ್ಕಾಟ್ ಎಂಬಾತ ಯಾರನ್ನೂ ಬಾಯ್ಕಾಟ್ ಮಾಡಲಿಲ್ಲ. ಊರಿನವರು ಆತನಿಗೆ ಮಾಡಿದ್ದಕ್ಕೆ ಆತನ ಹೆಸರು ಬಂತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಆತ ಆ ವಾಕ್ಯದ ಕರ್ತೃವಲ್ಲ, ಕರ್ಮ. ಕರ್ತೃಗಳು ಹೆಸರು ಉಳಿಸಿ ಹೋಗದ ಬಡ ಒಕ್ಕಲುಗಳು. ಅವರ ಕಥೆಯಿಂದಲೇ ಶುರುಮಾಡೋಣ.

ಐರ್ಲೆಂಡಿನ ಪಶ್ಚಿಮ ಅಂಚಿನಲ್ಲಿ ಮೇಯೋ ಎಂಬ ಕೌಂಟಿ ಇದೆ. ಕಲ್ಲು ನೆಲ, ಜವುಗು, ಎಡೆಬಿಡದ ಮಳೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಭೂಮಿಯೆಲ್ಲ ಬೆರಳೆಣಿಕೆಯ ಒಡೆಯರ ಕೈಯಲ್ಲಿತ್ತು. ಅವರಲ್ಲಿ ಬಹಳ ಮಂದಿ ಊರಲ್ಲಿ ಇರುತ್ತಿರಲಿಲ್ಲ. ಗೇಣಿ ವಸೂಲಿಗೆ ಒಬ್ಬ ಪಾರುಪತ್ಯಗಾರನನ್ನು ಇಟ್ಟು ಬೇರೆಲ್ಲೋ ನೆಲೆಸುತ್ತಿದ್ದರು. ಗೇಣಿದಾರನಿಗೆ ಭೂಮಿಯ ಮೇಲೆ ಯಾವ ಭದ್ರತೆಯೂ ಇರಲಿಲ್ಲ. ಆತ ಕಲ್ಲು ಆರಿಸಿ, ಬೇಲಿ ಕಟ್ಟಿ, ನೆಲವನ್ನು ಹಸನು ಮಾಡಿದರೆ ಮರುವರ್ಷ ಗೇಣಿ ಏರುವ ಭಯ. ಗೇಣಿ ಬಾಕಿ ಬಿದ್ದರೆ ಒಕ್ಕಲೆಬ್ಬಿಸುತ್ತಿದ್ದರು. ಅಂದರೆ ಹೊಲದ ಜತೆಗೆ ಮನೆಯೂ ಹೋಯಿತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಮಹಾ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಆ ಬರದ ಪೆಟ್ಟು ಅತಿ ಹೆಚ್ಚು ಬಿದ್ದ ಜಾಗಗಳಲ್ಲಿ ಮೇಯೋ ಒಂದು.

ಮೈಕೆಲ್ ಡೇವಿಟ್ ಎಂಬಾತ ಇದೇ ಮೇಯೋದ ಒಕ್ಕಲು ಮನೆಯ ಮಗ. ಆತನಿಗೆ ನಾಲ್ಕು ವರ್ಷವಾಗಿದ್ದಾಗ ಆತನ ಕುಟುಂಬವನ್ನು ಒಕ್ಕಲೆಬ್ಬಿಸಿದರು. ಇಂಗ್ಲೆಂಡಿಗೆ ವಲಸೆ ಹೋದ ಹುಡುಗ ಹನ್ನೊಂದರ ವಯಸ್ಸಿಗೆ ಹತ್ತಿ ಗಿರಣಿಯಲ್ಲಿ ಕೆಲಸ ಮಾಡುತ್ತ ಬಲಗೈಯನ್ನೇ ಕಳೆದುಕೊಂಡ. ದೊಡ್ಡವನಾಗಿ, ಸೆರೆಮನೆಯನ್ನೂ ಕಂಡು ಊರಿಗೆ ಮರಳಿದಾಗ ಮತ್ತೆ ಬೆಳೆ ಕೈಕೊಟ್ಟಿತ್ತು, ಮತ್ತೆ ಒಕ್ಕಲೆಬ್ಬಿಸುವ ನೋಟಿಸುಗಳು ಹೊರಟಿದ್ದವು. 1879ರ ಅಕ್ಟೋಬರ್‌ನಲ್ಲಿ ಡಬ್ಲಿನ್ ನಗರದಲ್ಲಿ ಐರಿಶ್ ನ್ಯಾಷನಲ್ ಲ್ಯಾಂಡ್ ಲೀಗ್ ಹುಟ್ಟಿತು. ಅದನ್ನು ಕಟ್ಟಿದವನು ಡೇವಿಟ್, ಅಧ್ಯಕ್ಷನಾದವನು ಪಾರ್ಲಿಮೆಂಟಿನ ಸದಸ್ಯ ಚಾರ್ಲ್ಸ್ ಸ್ಟುವರ್ಟ್ ಪಾರ್ನೆಲ್. ನ್ಯಾಯವಾದ ಗೇಣಿ, ಒಕ್ಕಲೆಬ್ಬಿಸದ ಭದ್ರತೆ, ತನ್ನ ಸಾಗುವಳಿ ಹಕ್ಕನ್ನು ಮಾರುವ ಸ್ವಾತಂತ್ರ್ಯ, ಇವು ಚಳವಳಿಯ ಬೇಡಿಕೆಗಳು.

ಈ ಮೇಯೋದ ಮಾಸ್ಕ್ ಸರೋವರದ ದಂಡೆಯಲ್ಲಿ ಲಾರ್ಡ್ ಅರ್ನ್ ಎಂಬ ಒಡೆಯನ ಜಮೀನಿತ್ತು. ಅದರ ಪಾರುಪತ್ಯಗಾರ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್. 1832ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹುಟ್ಟಿದವನು. ಹರೆಯದಲ್ಲಿ ಕೆಲವು ಕಾಲ ಸೈನ್ಯದಲ್ಲಿದ್ದು, ಆಮೇಲೆ ಐರ್ಲೆಂಡಿನ ಅಕಿಲ್ ದ್ವೀಪದಲ್ಲಿ ಬೇಸಾಯ ಮಾಡಿ, 1870ರ ದಶಕದ ಮೊದಲಲ್ಲಿ ಮಾಸ್ಕ್ ಸರೋವರಕ್ಕೆ ಬಂದ. ಜನ ಕ್ಯಾಪ್ಟನ್ ಎಂದು ಕರೆಯುತ್ತಿದ್ದರು. ಸೈನ್ಯದಲ್ಲಿ ಆ ಹುದ್ದೆಗೆ ಏರಿದವನಲ್ಲ. ಆತ ರಾಕ್ಷಸನೇನೂ ಆಗಿರಲಿಲ್ಲ. ಕಟ್ಟುನಿಟ್ಟಿನ, ಹಟದ ಮನುಷ್ಯ. ಒಕ್ಕಲಿನ ಕೋಳಿ, ದನ ತನ್ನ ಹೊಲಕ್ಕೆ ನುಗ್ಗಿದರೆ ದಂಡ, ಗೇಟು ತೆರೆದಿಟ್ಟರೆ ದಂಡ, ಒಡೆಯನ ಕಾಡಿನಿಂದ ಕಡ್ಡಿ ಆರಿಸಿದರೆ ದಂಡ. ಇಂಥ ಸಣ್ಣ ಸಣ್ಣ ದಂಡಗಳು ಜನರ ಮನಸ್ಸಿನಲ್ಲಿ ಕಹಿ ಕಟ್ಟುತ್ತ ಹೋದವು. 1880ರಲ್ಲಿ ಬೆಳೆ ಸಾಲದಾದಾಗ ಒಕ್ಕಲುಗಳು ಗೇಣಿಯಲ್ಲಿ ಶೇಕಡ 25ರಷ್ಟು ಇಳಿಸಿ ಎಂದು ಕೇಳಿದರು. ಒಡೆಯ ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸಿಗೆ ಸಿದ್ಧನಾದ.

ಅದೇ ವರ್ಷ ಸೆಪ್ಟೆಂಬರ್ 19ರಂದು, ಮೇಯೋದಿಂದ ದಕ್ಷಿಣಕ್ಕೆ ಕ್ಲೇರ್ ಕೌಂಟಿಯ ಎನ್ನಿಸ್ ಪಟ್ಟಣದಲ್ಲಿ ಪಾರ್ನೆಲ್ ಭಾಷಣವಿತ್ತು. ಒಬ್ಬನನ್ನು ಒಕ್ಕಲೆಬ್ಬಿಸಿದ ಹೊಲವನ್ನು ಇನ್ನೊಬ್ಬ ಒಕ್ಕಲು ಹೆಚ್ಚಿನ ಗೇಣಿಗೆ ಹಿಡಿಯಲು ಬಂದರೆ ಅವನನ್ನು ಏನು ಮಾಡುತ್ತೀರಿ ಎಂದು ಆತ ಜನರನ್ನು ಕೇಳಿದ. ಗುಂಪಿನಿಂದ ಗುಂಡು ಹಾರಿಸಿ ಎಂಬ ಕೂಗು ಬಂತು. ಪಾರ್ನೆಲ್ ಅದನ್ನು ಒಪ್ಪಲಿಲ್ಲ. ಅದಕ್ಕಿಂತ ಒಳ್ಳೆಯ ದಾರಿಯಿದೆ ಎಂದ. ದಾರಿಯಲ್ಲಿ ಸಿಕ್ಕರೆ ಮಾತಾಡಿಸಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿಯೂ ಅವನಿಂದ ದೂರವಿರಿ, ಅವನನ್ನು ಅವನ ಪಾಡಿಗೆ ಬಿಟ್ಟುಬಿಡಿ ಎಂಬುದು ಆ ಮಾತಿನ ತಾತ್ಪರ್ಯ. ಬಂದೂಕು ಎತ್ತಬೇಕೆನ್ನುತ್ತಿದ್ದ ಜನಕ್ಕೆ ಬಂದೂಕಿಲ್ಲದ ಆಯುಧವೊಂದನ್ನು ತೋರಿಸಿದ ಭಾಷಣ ಅದು.

ಮೂರು ದಿನ ಕಳೆದು, ಸೆಪ್ಟೆಂಬರ್ 22ರಂದು, ಕೋರ್ಟಿನ ಅಮೀನ 17 ಮಂದಿ ಪೊಲೀಸರ ಕಾವಲಿನಲ್ಲಿ ಬಾಯ್ಕಾಟ್‌ನ ಒಕ್ಕಲುಗಳಿಗೆ ನೋಟಿಸು ಜಾರಿ ಮಾಡಲು ಹೊರಟ. ಕೆಲವು ಮನೆಗಳಿಗೆ ಕೊಟ್ಟದ್ದೂ ಆಯಿತು. ಮುಂದಿನ ಮನೆಯ ಗೃಹಿಣಿ ನೋಟಿಸು ತೆಗೆದುಕೊಳ್ಳಲಿಲ್ಲ. ಕೆಂಪು ಬಾವುಟ ಬೀಸಿ ನೆರೆಹೊರೆಯವರಿಗೆ ಸನ್ನೆ ಮಾಡಿದಳು. ಸುತ್ತಲ ಹೆಂಗಸರೆಲ್ಲ ಓಡಿಬಂದರು. ಮಣ್ಣು, ಸಗಣಿ, ಕಲ್ಲು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಅಮೀನ ನೋಟಿಸುಗಳನ್ನು ಕೈಯಲ್ಲೇ ಹಿಡಿದು ಬಾಯ್ಕಾಟ್‌ನ ಮನೆಯೊಳಗೆ ಹೋಗಿ ಸೇರಿಕೊಂಡ. ಈ ಪದದ ಚರಿತ್ರೆಯಲ್ಲಿ ದೊಡ್ಡವರ ಭಾಷಣ ಮೊದಲು ಬಂದರೂ, ಅದನ್ನು ನೆಲದ ಮೇಲೆ ನಿಜಮಾಡಿದವರು ಆ ಊರಿನ ಹೆಣ್ಣುಮಕ್ಕಳು.

ಮರುದಿನ ಜನ ಗುಂಪಾಗಿ ಬಾಯ್ಕಾಟ್‌ನ ಮನೆಗೆ ಹೋದರು. ಮನೆಯಾಳುಗಳು, ಹೊಲದಾಳುಗಳು ಕೆಲಸ ಬಿಟ್ಟು ಹೊರಟರು. ಕಮ್ಮಾರ ಕುದುರೆಗೆ ಲಾಳ ಕಟ್ಟಲು ಬರಲಿಲ್ಲ. ಬಟ್ಟೆ ಒಗೆಯುವವಳು ಬರಲಿಲ್ಲ. ಹತ್ತಿರದ ಬಾಲಿನ್‌ರೋಬ್ ಪಟ್ಟಣದ ಅಂಗಡಿಯವರು ಸಾಮಾನು ಕೊಡಲಿಲ್ಲ. ಬ್ರೆಡ್ಡನ್ನು ಬೇರೆ ಊರಿಂದ ದೋಣಿಯಲ್ಲಿ ಸರೋವರ ದಾಟಿಸಿ ತರಿಸಬೇಕಾಯಿತು. ದನ ಹೊಡೆದುಕೊಂಡು ಹೋಗುವವರಿಲ್ಲ, ಹಾಲು ಕರೆಯುವವರಿಲ್ಲ, ಹೊಲದಲ್ಲಿ ಬಲಿತ ಪೈರು ಕೊಯ್ಯುವವರಿಲ್ಲ. ಹಣ ಕೊಡುತ್ತೇನೆಂದರೂ ಕೈ ಚಾಚುವವರಿಲ್ಲ. ಒಡೆಯನ ಪಾರುಪತ್ಯ ನಿಂತದ್ದು ಈ ಕೈಗಳ ಮೇಲೆಯೇ ಎಂಬುದು ಆ ವಾರದಲ್ಲಿ ಎಲ್ಲರಿಗೂ ಕಂಡಿತು.

ಇಂಥದ್ದನ್ನು ಕರೆಯಲು ಒಂದು ಹೆಸರು ಬೇಕಾಗಿತ್ತು. ನೀಲ್ ಎಂಬ ಊರಿನ ಪಾದ್ರಿ ಫಾದರ್ ಜಾನ್ ಓಮ್ಯಾಲಿ ಒಕ್ಕಲುಗಳ ಜತೆ ನಿಂತವರು. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಆಗ ಅಲ್ಲಿಗೆ ಬಂದಿದ್ದ. ಇಬ್ಬರೂ ಊಟಕ್ಕೆ ಕೂತಿದ್ದಾಗ ನಡೆದ ಮಾತನ್ನು ರೆಡ್‌ಪಾತ್ ಆಮೇಲೆ ಬರೆದಿಟ್ಟಿದ್ದಾನೆ. ಪಾರುಪತ್ಯಗಾರನನ್ನು ಜನ ದೂರವಿಡುವ ಈ ಕ್ರಮಕ್ಕೆ ಇಂಗ್ಲಿಷಿನಲ್ಲಿ ಆಸ್ಟ್ರಸಿಸಂ ಎಂಬ ಪದವಿತ್ತು, ಗ್ರೀಕ್ ಮೂಲದ್ದು. ಆ ಪದ ನಮ್ಮ ರೈತರಿಗೆ ಅರ್ಥವಾಗುವುದಿಲ್ಲ ಎಂದರು ಪಾದ್ರಿ. ತಲೆ ತಗ್ಗಿಸಿ, ಹಣೆಗೆ ಬೆರಳು ಬಡಿಯುತ್ತ ಯೋಚಿಸಿ, ಅವನನ್ನು ಬಾಯ್ಕಾಟ್ ಮಾಡುವುದು ಎಂದೇ ಕರೆದರೆ ಹೇಗೆ ಎಂದು ಕೇಳಿದರು. ರೆಡ್‌ಪಾತ್‌ಗೆ ಅದು ಹಿಡಿಸಿತು. ಅಕ್ಟೋಬರ್ 12ರಂದು ಶಿಕಾಗೋದ ಇಂಟರ್ ಓಷನ್ ಪತ್ರಿಕೆಯಲ್ಲಿ ಆ ಪದ ಅಚ್ಚಾಯಿತು.

ಈ ಆಯ್ಕೆಯಲ್ಲಿ ಒಂದು ಆಳವಾದ ತಿಳಿವಳಿಕೆಯಿದೆ. ಆಸ್ಟ್ರಕಾನ್ ಅಂದರೆ ಗ್ರೀಕ್ ಭಾಷೆಯಲ್ಲಿ ಮಡಕೆಯ ಚೂರು. ಪುರಾತನ ಅಥೆನ್ಸ್ ನಗರದಲ್ಲಿ, ಅಪಾಯಕಾರಿಯಾಗುವಷ್ಟು ಬಲಿತ ಮುಂದಾಳನ್ನು ಹೊರಗೆ ಕಳಿಸಬೇಕೆಂದರೆ ಪ್ರಜೆಗಳು ಅವನ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಹೆಸರು ಬಂದವನು ಹತ್ತು ವರ್ಷ ನಗರದಿಂದ ಹೊರಗಿರಬೇಕು. ಅವನ ಆಸ್ತಿ ಮಾತ್ರ ಅವನದೇ. ಅದು ಓದುಬರಹ ಬಲ್ಲ, ಮತದ ಹಕ್ಕಿದ್ದ ನಗರವಾಸಿಗಳ ಪದ್ಧತಿ. ಮೇಯೋದ ಒಕ್ಕಲಿಗೆ ಯಾರನ್ನೂ ಊರು ಬಿಡಿಸುವ ಅಧಿಕಾರ ಇರಲಿಲ್ಲ. ಅವನ ಕೈಯಲ್ಲಿದ್ದದ್ದು ಒಂದೇ, ತನ್ನ ದುಡಿಮೆ. ಅದನ್ನು ಕೊಡದೇ ಇರಬಲ್ಲ. ಅವನ ಈ ಕೆಲಸಕ್ಕೆ ಅವನದೇ ಊರಿನ, ಅವನ ನಾಲಗೆಗೆ ಸಲೀಸಾದ ಹೆಸರು ಸಿಕ್ಕಿದ್ದು ಸರಿಯಾಯಿತು.

ಅಕ್ಟೋಬರ್ ನಡುವೆ ಬಾಯ್ಕಾಟ್ ತನ್ನ ಕಷ್ಟವನ್ನು ವಿವರಿಸಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದ. 18ನೇ ತಾರೀಕು ಅದು ಪ್ರಕಟವಾಯಿತು. ಆ ಪತ್ರದಲ್ಲಿ ನಾವು ನಿಂತು ಗಮನಿಸಬೇಕಾದ ಸಂಗತಿಯೊಂದಿದೆ. ಟಪಾಲು ತರುತ್ತಿದ್ದ ಹುಡುಗನಿಗೆ ದಾರಿಯಲ್ಲಿ ಹೊಡೆದು ಬೆದರಿಸಿದರು, ಅವನ ಬದಲು ಮನೆಯ ಪುಟ್ಟ ಸೋದರಳಿಯನನ್ನು ಕಳಿಸಿದರೆ ಅವನನ್ನೂ ತಡೆದು ಬೆದರಿಸಿದರು ಎಂದು ಬಾಯ್ಕಾಟ್ ದೂರುತ್ತಾನೆ. ಕಮ್ಮಾರ ಮನಸಾರೆ ಕೆಲಸ ಬಿಟ್ಟನೋ, ಬೆದರಿಕೆಗೆ ಬಿಟ್ಟನೋ ಎಂಬ ಪ್ರಶ್ನೆಯೂ ಅಲ್ಲಿ ಏಳುತ್ತದೆ. ನಾನು ಒಕ್ಕಲುಗಳ ಪಕ್ಷ. ಆದರೂ ಟಪಾಲು ಹುಡುಗನ ಮೇಲೆ ಕೈ ಮಾಡಿದ್ದು ಅನ್ಯಾಯವೆಂದು ಹೇಳಲೇಬೇಕು. ಈ ಪದ ಹುಟ್ಟಿದ ತಿಂಗಳಲ್ಲೇ ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡವು: ನನ್ನ ಕೈ ನಿನಗೆ ದುಡಿಯುವುದಿಲ್ಲ ಎನ್ನುವುದು ಒಂದು, ಬೇರೆಯವರ ಕೈಯನ್ನೂ ಹಿಡಿದು ನಿಲ್ಲಿಸುತ್ತೇನೆ ಎನ್ನುವುದು ಇನ್ನೊಂದು. ಈ ಎರಡರ ನಡುವಿನ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಆ ಗೆರೆಯದೇ.

ಪತ್ರ ಓದಿದ ಬೆಲ್‌ಫಾಸ್ಟ್ ಕಡೆಯವರು ಹಣ ಕೂಡಿಸಿದರು. ಉತ್ತರದ ಕ್ಯಾವನ್, ಮೊನಾಹನ್ ಕೌಂಟಿಗಳಿಂದ ಪ್ರಾಟೆಸ್ಟೆಂಟರ ಆರೆಂಜ್ ಸಂಘದ ಸುಮಾರು 50 ಮಂದಿ ಬೆಳೆ ಕೊಯ್ದು ಕೊಡಲು ನವೆಂಬರ್‌ನಲ್ಲಿ ಬಂದರು. ಅವರ ರಕ್ಷಣೆಗೆ ಸರ್ಕಾರ ಕಳಿಸಿದ ಸೈನಿಕರು, ಪೊಲೀಸರು ಸೇರಿ ಸಾವಿರದ ಹತ್ತಿರ. ಕ್ಲೇರ್‌ಮಾರಿಸ್‌ವರೆಗೆ ರೈಲು, ಅಲ್ಲಿಂದ ಮುಂದಕ್ಕೆ ಯಾರೂ ಬಾಡಿಗೆಗೆ ಗಾಡಿ ಕೊಡಲಿಲ್ಲ. ಸುರಿಯುವ ಮಳೆಯಲ್ಲಿ ಬಾಲಿನ್‌ರೋಬ್‌ಗೆ ನಡೆದೇ ಹೋದರು. ಪಾದ್ರಿಯೂ ಲೀಗಿನವರೂ ಯಾರೂ ಕೈ ಎತ್ತಬಾರದು ಎಂದು ಜನರಿಗೆ ಹೇಳಿದ್ದರು, ಕಾದಾಟ ನಡೆಯಲಿಲ್ಲ. ಎರಡು ವಾರ ಅವರು ಟರ್ನಿಪ್ ಗಡ್ಡೆ, ಆಲೂಗಡ್ಡೆ ಕಿತ್ತರು, ಧಾನ್ಯ ಬಡಿದರು. ಆ ಬೆಳೆಯ ಬೆಲೆ ಹೆಚ್ಚೆಂದರೆ 500 ಪೌಂಡು. ಅದನ್ನು ಒಳಗೆ ಸೇರಿಸಲು ಆದ ಖರ್ಚು ಸುಮಾರು 10,000 ಪೌಂಡು. ಕಿತ್ತ ಒಂದೊಂದು ಟರ್ನಿಪ್‌ಗೂ ಒಂದೊಂದು ಶಿಲ್ಲಿಂಗ್ ಬಿತ್ತು ಎಂದು ಪಾರ್ನೆಲ್ ಲೆಕ್ಕ ಹೇಳಿದ.

ನವೆಂಬರ್ ಕೊನೆಗೆ ಬಾಯ್ಕಾಟ್ ಕುಟುಂಬ ಊರು ಬಿಟ್ಟಿತು. ಗಾಡಿ ಹೊಡೆಯುವವರು ಯಾರೂ ಇಲ್ಲದೆ ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಕೂರಿಸಿ ಕಳಿಸಬೇಕಾಯಿತು. ಡಬ್ಲಿನ್‌ನ ಹೋಟೆಲಿನಲ್ಲಿ ಉಳಿದಾಗ, ಈತನಿಗೆ ಜಾಗ ಕೊಟ್ಟರೆ ನಿನಗೂ ಇದೇ ಗತಿ ಎಂಬ ಪತ್ರ ಹೋಟೆಲಿನವನಿಗೆ ಬಂತು. ಡಿಸೆಂಬರ್ ಮೊದಲ ದಿನ ಆತ ಇಂಗ್ಲೆಂಡಿನ ಹಡಗು ಹತ್ತಿದ. ಮುಂದಿನ ವರ್ಷ ಅಮೆರಿಕಕ್ಕೆ ಹೋದಾಗ ಕನಿಂಗ್‌ಹ್ಯಾಮ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿದ. ಆಮೇಲೆ ಮಾಸ್ಕ್ ಸರೋವರಕ್ಕೆ ಮರಳಿ, ಕೆಲವು ವರ್ಷ ಅಲ್ಲೇ ಇದ್ದು, 1886ರಲ್ಲಿ ಸಫೋಕ್‌ನಲ್ಲಿ ಇನ್ನೊಬ್ಬ ಒಡೆಯನ ಪಾರುಪತ್ಯಕ್ಕೆ ಸೇರಿದ. 1897ರಲ್ಲಿ ತೀರಿಕೊಂಡ. ಆ ಹೊತ್ತಿಗಾಗಲೇ ಫ್ರೆಂಚ್, ಜರ್ಮನ್, ಡಚ್, ರಷ್ಯನ್ ಭಾಷೆಗಳು ಆತನ ಹೆಸರನ್ನು ತಮ್ಮ ತಮ್ಮ ಉಚ್ಚಾರಕ್ಕೆ ಒಗ್ಗಿಸಿಕೊಂಡಿದ್ದವು. ಜಪಾನೀಯರೂ ಮುಂದೆ ಬೊಯಿಕೊಟ್ಟೋ ಎಂದರು. ಐರಿಶ್ ಒಕ್ಕಲುಗಳಿಗೆ 1881ರಲ್ಲಿ ಗೇಣಿಯನ್ನು ನಿಗದಿ ಮಾಡುವ, ಭದ್ರತೆ ಕೊಡುವ ಕಾನೂನು ಬಂತು. 1903ರ ವಿಂಡಮ್ ಕಾನೂನು ಬಂದಮೇಲೆ ಉಳುವವರು ದೊಡ್ಡ ಪ್ರಮಾಣದಲ್ಲಿ ಹೊಲದ ಒಡೆಯರಾದರು. 1974ರ ಭೂಸುಧಾರಣೆಯನ್ನು ಕಂಡ ಕರ್ನಾಟಕದ ಗೇಣಿದಾರ ಕುಟುಂಬಗಳಿಗೆ ಆ ಗೆಲುವಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪದ ಹೊಸದು, ಪದ್ಧತಿ ಹಳೆಯದು. 1791ರಲ್ಲೇ ಬ್ರಿಟನ್ನಿನ ಲಕ್ಷಾಂತರ ಜನ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟಿದ್ದರು. ಆ ಸಕ್ಕರೆಯನ್ನು ಗುಲಾಮರ ಬೆವರಿನಿಂದ ಬೆಳೆಯುತ್ತಾರೆ, ಅದನ್ನು ಕೊಳ್ಳುವವರೂ ಪಾಪದ ಪಾಲುದಾರರು ಎಂದು ಗುಲಾಮಗಿರಿಯ ವಿರೋಧಿಗಳು ಕರಪತ್ರ ಹಂಚಿದ್ದರು. ಮತದ ಹಕ್ಕಿಲ್ಲದ ಹೆಂಗಸರು ತಮ್ಮ ಅಡುಗೆಮನೆಯಿಂದಲೇ ಆ ಚಳವಳಿ ನಡೆಸಿದರು. ಅವರಿಗೆ ಆಗ ಬಾಯ್ಕಾಟ್ ಎಂಬ ಪದ ಇರಲಿಲ್ಲ. ಹೆಸರು ಸಿಕ್ಕಿದ ಮೇಲೆ ಪದ್ಧತಿ ಊರಿಂದೂರಿಗೆ ಹಾರುವುದು ಸುಲಭವಾಯಿತು.

ನಮ್ಮ ದೇಶಕ್ಕೆ ಅದು ಬಂದದ್ದು ಬಂಗಾಳದ ವಿಭಜನೆಯ ಸಂದರ್ಭದಲ್ಲಿ. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲಿನ ಸಭೆ ಬ್ರಿಟಿಷ್ ಸರಕನ್ನು ಬಿಡುವ ನಿರ್ಣಯ ಮಾಡಿತು. ಬಂಗಾಳಿಯಲ್ಲಿ ಬಯ್ಕಾಟ್ ಎಂಬ ಪದವೇ ನೆಲೆಸಿತು. ಲೋಕಮಾನ್ಯ ತಿಲಕರು ಮರಾಠಿಯಲ್ಲಿ ಅದಕ್ಕೆ ಬಹಿಷ್ಕಾರ ಎಂದರು. ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ, ಇವು ಅವರ ನಾಲ್ಕು ಸೂತ್ರಗಳು. ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ತಿಲಕರ ಮಾತಿಗೆ ಬಲವಾದ ಬೆಲೆಯಿತ್ತು. ವಿದೇಶಿ ಬಟ್ಟೆ ಬಿಡುವುದಕ್ಕೆ ಬಹಿಷ್ಕಾರ ಎನ್ನುವುದು ಕನ್ನಡಕ್ಕೂ ರೂಢಿಯಾಯಿತು.

ಕನ್ನಡ ನಾಡಿನಲ್ಲಿ ಈ ಪದದ ಮೂಲ ಅರ್ಥಕ್ಕೆ ಅತಿ ಹತ್ತಿರದ ಘಟನೆ ನಡೆದದ್ದು ಉತ್ತರ ಕನ್ನಡದಲ್ಲಿ. 1930ರ ದಶಕದ ಮೊದಲಲ್ಲಿ ಅಂಕೋಲೆ, ಸಿದ್ದಾಪುರ, ಶಿರಸಿ ಸೀಮೆಯ ರೈತರು ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲವೆಂದು ನಿಂತರು. ಇದು ಕರನಿರಾಕರಣೆಯ ಚಳವಳಿ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜಿಗೆ ಹಾಕಿತು. ಹರಾಜಿನಲ್ಲಿ ಹಾಗೆ ನೆರೆಯವನ ಜಮೀನು ಕೂಗಿದವರೂ ಇದ್ದರು. ಪಾರ್ನೆಲ್ ಎನ್ನಿಸ್‌ನಲ್ಲಿ ಕೇಳಿದ ಪ್ರಶ್ನೆಯೇ ಇಲ್ಲಿ ಎದ್ದು ನಿಂತಿತು: ನೆರೆಯವನಿಂದ ಕಿತ್ತುಕೊಂಡ ಹೊಲವನ್ನು ಕೊಂಡವನನ್ನು ಏನು ಮಾಡಬೇಕು? 1932ರಲ್ಲಿ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಉತ್ತರ ಕೊಟ್ಟರು. ಜಮೀನು ಕೊಂಡವರ ಮನೆ ಮುಂದೆ ಉಪವಾಸ ಕೂತರು. ಮೇಯೋದಲ್ಲಿ ಹೆಂಗಸರು ಮಣ್ಣು, ಕಲ್ಲು ತೂರಿದ್ದರು. ಇಲ್ಲಿಯವರು ಕಷ್ಟವನ್ನು ತಮ್ಮ ಹೊಟ್ಟೆಗೆ ಹಾಕಿಕೊಂಡರು, ಎದುರಿನವರ ಅನ್ನ ನೀರು ಮುಟ್ಟಲಿಲ್ಲ.

ಬಂಧುಗಳೇ, ಇನ್ನು ಈ ಕಥೆಯ ಕಹಿ ಭಾಗಕ್ಕೆ ಬರೋಣ. ಬಹಿಷ್ಕಾರ ಎಂಬ ಪದ ತಿಲಕರು ಬಳಸುವ ಮೊದಲೇ ನಮ್ಮಲ್ಲಿತ್ತು. ಊರಿನ ಪಂಚಾಯಿತಿ ಕೂತು ಒಂದು ಮನೆಯನ್ನು ಜಾತಿಯಿಂದ ಹೊರಗೆ ಹಾಕುವುದು, ಆ ಮನೆಗೆ ಬೆಂಕಿ ನೀರು ಕೊಡಬಾರದು, ಮದುವೆ ಮಸಣಕ್ಕೆ ಹೋಗಬಾರದು ಎಂದು ಕಟ್ಟು ಮಾಡುವುದು, ಇದಕ್ಕೂ ಬಹಿಷ್ಕಾರವೆಂದೇ ಹೆಸರು. ಒಂದು ಮನೆಗಷ್ಟೇ ಅಲ್ಲ, ಹುಟ್ಟಿದ ಕುಲದ ಕಾರಣಕ್ಕೆ ಕೋಟ್ಯಂತರ ಜನರಿಗೆ ಜೀವಮಾನವಿಡೀ ಈ ಶಿಕ್ಷೆ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಮಹಾಡ್‌ನ ಚವದಾರ್ ಕೆರೆಗೆ ಸಾವಿರಾರು ದಲಿತರ ಜತೆ ನಡೆದು ನೀರು ಕುಡಿದರು. ಸಾರ್ವಜನಿಕ ಕೆರೆಯ ನೀರು ಕುಡಿದದ್ದಕ್ಕೆ ಅವರ ಮೇಲೆ ಹಲ್ಲೆಯಾಯಿತು. ಎರಡು ವಾರ ಕಳೆದು, ಏಪ್ರಿಲ್ 3ರಂದು, ಅವರು ಶುರುಮಾಡಿದ ಪತ್ರಿಕೆಯ ಹೆಸರು ಬಹಿಷ್ಕೃತ ಭಾರತ. ಒಂದೇ ಪ್ರಾಂತ್ಯ, ಒಂದೇ ಮರಾಠಿ ಭಾಷೆ, ಇಪ್ಪತ್ತು ವರ್ಷದ ಅಂತರ. ಒಬ್ಬರ ಬಾಯಲ್ಲಿ ಬಹಿಷ್ಕಾರ ಆಳುವವರ ವಿರುದ್ಧದ ಆಯುಧ. ಇನ್ನೊಬ್ಬರಿಗೆ ಅದು ಬೆನ್ನ ಮೇಲಿನ ಬಾಸುಂಡೆ.

ಹಾಗಾದರೆ ಎರಡನ್ನೂ ಒಂದೇ ಪದದಲ್ಲಿ ಕರೆಯುವ ನಾವು ಅವನ್ನು ಬೇರೆ ಮಾಡಿ ನೋಡುವುದು ಹೇಗೆ? ನಾನು ಕೇಳುವ ಪ್ರಶ್ನೆ ಇದು: ತಡೆಹಿಡಿಯುವವನು ಯಾರದ್ದನ್ನು ತಡೆಹಿಡಿಯುತ್ತಿದ್ದಾನೆ? ಮೇಯೋದ ಕಮ್ಮಾರ ತನ್ನ ಸುತ್ತಿಗೆಯ ಕೆಲಸವನ್ನು ತಡೆದ, ಅದು ಅವನದು. ಬಂಗಾಳದ ಗೃಹಿಣಿ ತನ್ನ ಸೆರಗಿನ ಕಾಸನ್ನು ತಡೆದಳು, ಅದು ಅವಳದು. ಆದರೆ ಊರ ಬಾವಿಯ ನೀರು ಊರ ಗೌಡನದಲ್ಲ. ರಸ್ತೆ, ಶಾಲೆ, ಔಷಧಿ, ಸ್ಮಶಾನ ಯಾವ ಪಂಚಾಯಿತಿಯ ಮನೆಸ್ವತ್ತೂ ಅಲ್ಲ. ತನ್ನದನ್ನು ಬಿಡುವವನು ತ್ಯಾಗಿ. ಎಲ್ಲರದ್ದನ್ನು ಒಬ್ಬನಿಗೆ ಇಲ್ಲವಾಗಿಸುವವನು ಕಳ್ಳ. ಎರಡನೆಯ ಪ್ರಶ್ನೆಯೂ ಇದೆ: ಎದುರಿನವನು ಏನು ಮಾಡಿದರೆ ಇದು ಮುಗಿಯುತ್ತದೆ? ಲಾರ್ಡ್ ಅರ್ನ್ ಗೇಣಿ ಇಳಿಸಿದ್ದರೆ ಮರುದಿನ ಆಳುಗಳು ಹೊಲಕ್ಕೆ ಬರುತ್ತಿದ್ದರು. ಹುಟ್ಟಿನ ಕಾರಣಕ್ಕೆ ಹೊರಗಿಟ್ಟವನು ಏನು ಮಾಡಿದರೆ ಒಳಗೆ ಬರಬಹುದು? ಉತ್ತರವಿಲ್ಲ. 1933ರ ಏಪ್ರಿಲ್ 1ರಂದು ಜರ್ಮನಿಯಲ್ಲಿ ನಾಜಿಗಳು ಯಹೂದಿ ಅಂಗಡಿಗಳ ಬಾಯ್ಕಾಟ್ ಎಂದು ಸಮವಸ್ತ್ರದವರನ್ನು ಬಾಗಿಲಿಗೆ ನಿಲ್ಲಿಸಿದರು. ಪದ ಮೇಯೋದ್ದೇ. ಆದರೆ ಅಧಿಕಾರ ಹಿಡಿದವರು ಹುಟ್ಟನ್ನೇ ಅಪರಾಧ ಮಾಡಿ ಕೊಟ್ಟ ಶಿಕ್ಷೆ ಅದು, ಬೇಡಿಕೆಯಲ್ಲ.

ಈ ಗೆರೆಯನ್ನು ದೊಡ್ಡವರು ಕಂಡಿದ್ದರು. ಅಸಹಕಾರ ಚಳವಳಿಯ ಕಾವಿನಲ್ಲಿ, ಚಳವಳಿಗೆ ಸೇರದವರಿಗೆ ಸಾಮಾಜಿಕ ಬಹಿಷ್ಕಾರ ಹಾಕಬೇಕೆಂಬ ಮಾತು ಎದ್ದಾಗ ಗಾಂಧೀಜಿ ಯಂಗ್ ಇಂಡಿಯಾದಲ್ಲಿ ಎಚ್ಚರಿಕೆ ಬರೆದರು. ಸಾರ್ವಜನಿಕ ಬಾವಿಯನ್ನೋ ವೈದ್ಯರ ನೆರವನ್ನೋ ತಡೆಯುವುದು ಅಮಾನುಷವೆಂಬುದು ಅವರ ನಿಲುವು. ಅಮೆರಿಕದ ಮಾಂಟ್‌ಗಮರಿಯಲ್ಲಿ 1955ರ ಡಿಸೆಂಬರ್ 5ರಿಂದ 381 ದಿನ ಕರಿಯ ಜನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದರು. ಅದರ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಬಾಯ್ಕಾಟ್ ಎಂಬ ಪದವೇ ಕಾಡಿತು. ನಾವು ಬಸ್ ಕಂಪನಿಯನ್ನು ಹಾಳು ಮಾಡಹೊರಟಿದ್ದೇವೆಯೇ, ಅಲ್ಲ, ಕೆಟ್ಟ ವ್ಯವಸ್ಥೆಗೆ ನಮ್ಮ ಸಹಕಾರವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು ಯೋಚಿಸಿ, ಅಲ್ಲಿಂದಾಚೆಗೆ ಆ ಪದ ಬಳಸುವುದನ್ನೇ ಕಡಿಮೆ ಮಾಡಿದರು.

ಪದ ಹುಟ್ಟಿದ ದೇಶವೇ ಅದಕ್ಕೆ ಇನ್ನೊಮ್ಮೆ ಹೊಳಪು ಕೊಟ್ಟಿತು. 1984ರ ಜುಲೈ 19ರಂದು ಡಬ್ಲಿನ್‌ನ ಡನ್ಸ್ ಸ್ಟೋರ್ಸ್ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿದ್ದ 21ರ ಹುಡುಗಿ ಮೇರಿ ಮ್ಯಾನಿಂಗ್ ದಕ್ಷಿಣ ಆಫ್ರಿಕಾದ ಚಕ್ಕೋತಕ್ಕೆ ಬಿಲ್ಲು ಮಾಡುವುದಿಲ್ಲ ಎಂದಳು. ವರ್ಣಭೇದದ ಸರ್ಕಾರದ ಸರಕನ್ನು ಮುಟ್ಟಬಾರದೆಂದು ಕಾರ್ಮಿಕ ಸಂಘದ ತೀರ್ಮಾನವಾಗಿತ್ತು. ಅವಳನ್ನು ಅಮಾನತು ಮಾಡಿದರು. ಜತೆಯ ಕೆಲಸಗಾರರು ಹೊರಬಂದರು. ಹತ್ತು ಹನ್ನೆರಡು ಮಂದಿಯ ಮುಷ್ಕರ ಎರಡೂವರೆ ವರ್ಷಕ್ಕೂ ಮೀರಿ ನಡೆಯಿತು. 1987ರಲ್ಲಿ ಐರಿಶ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಯ ಆಮದನ್ನೇ ನಿಲ್ಲಿಸಿತು. ಮೇರಿ ತಡೆದದ್ದು ತನ್ನ ಬೆರಳನ್ನು. ಕಳೆದುಕೊಂಡದ್ದು ತನ್ನ ಸಂಬಳವನ್ನು.

ನಮ್ಮ ಕಾನೂನೂ ಈಗ ಆ ಗೆರೆಯನ್ನು ಬರೆದಿದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯಿದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ. ಮಹಾರಾಷ್ಟ್ರವಂತೂ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಆದರೂ ನಮ್ಮ ಪತ್ರಿಕೆಗಳಲ್ಲಿ ದಲಿತರ ಕೇರಿಗೆ ಕಿರಾಣಿ ಕೊಡದ ಅಂಗಡಿಯ ಸುದ್ದಿ, ಕ್ಷೌರ ಮಾಡದ ಅಂಗಡಿಯ ಸುದ್ದಿ ನಿಂತಿಲ್ಲ. ಸುದ್ದಿಯ ಮೇಲಿನ ಶೀರ್ಷಿಕೆ ಬಹಿಷ್ಕಾರ ಎಂದೇ ಇರುತ್ತದೆ. ಅದರ ಪಕ್ಕದ ಅಂಕಣದಲ್ಲಿ ರಸ್ತೆಗಾಗಿ ಮತದಾನ ಬಹಿಷ್ಕರಿಸಿದ ಊರಿನ ಸುದ್ದಿಗೂ ಅದೇ ಶೀರ್ಷಿಕೆ.

ಇನ್ನು ಮುಂದೆ ಈ ಪದ ನಿಮ್ಮ ಕಿವಿಗೆ ಬಿದ್ದಾಗ, ಅಥವಾ ಇಂಥದ್ದನ್ನು ಬಾಯ್ಕಾಟ್ ಮಾಡಿ ಎಂಬ ಸಂದೇಶ ನಿಮ್ಮ ಫೋನಿಗೆ ಬಂದಾಗ, ದಯವಿಟ್ಟು ಆ ಎರಡು ಪ್ರಶ್ನೆಗಳನ್ನು ಕೇಳಿ. ನಾನು ಬಿಡುತ್ತಿರುವುದು ನನ್ನದೋ, ಕಸಿಯುತ್ತಿರುವುದು ಇನ್ನೊಬ್ಬರದೋ? ಎದುರಿನವರು ಯಾವ ತಪ್ಪು ತಿದ್ದಿಕೊಂಡರೆ ಇದು ನಿಲ್ಲುತ್ತದೆ? ಉತ್ತರ ಸರಿಯಾಗಿದ್ದರೆ ಧೈರ್ಯವಾಗಿ ಕೈ ಹಿಂತೆಗೆಯಿರಿ. ಆ ಹಕ್ಕು ನಿಮ್ಮದು. ಉತ್ತರ ಸಿಗದಿದ್ದರೆ, ಹೊರಗಿಟ್ಟವರ ಮನೆಯ ಬಾಗಿಲಿಗೆ ಮೊದಲು ಹೋಗಿ ಮಾತಾಡಿಸುವವರು ನೀವಾಗಿ. ಅದಕ್ಕೂ ಅಷ್ಟೇ ಧೈರ್ಯ ಬೇಕು.